ಮಂಗಳೂರು ಮಾಡಿದ್ದು

"ಭಾವ, ನೀವು ಮಂಗಳೂರು ಮಾಡಿದ್ದೀರಾ?" ಎಂದು ಪ್ರಸಾದ ಕೇಳಿದಾಗ ನನಗೆ ಅವನ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಾಡುವುದು ಎಂಬ ಕ್ರಿಯಾಪದದ ಜೊತೆ ನನಗೆ ಹುಟ್ಟಿದಾರಭ್ಯ ಪರಿಚಯವಿದೆ. ಉಪ್ಪಿಟ್ಟು ಮಾಡುತ್ತಾರೆ, ಮದುವೆ ಮಾಡುತ್ತಾರೆ, ತಿಥಿ ಮಾಡುತ್ತಾರೆ. ಊಟ ಮಾಡುವವರು, ನಿದ್ದೆ ಮಾಡುವವರು, ಏನೂ ಮಾಡದೆ ಬರೀ ಗಲಾಟೆ ಮಾಡುವವರು, ಎಲ್ಲರನ್ನೂ ಕಂಡಿದ್ದೇನೆ. ಆದರೆ ಒಂದು ಊರನ್ನು ಯಾರಾದರೂ ಮಾಡುತ್ತಾರೆಯೇ? ಅದನ್ನು ಯಾರೋ ಆಗಲೇ ಮಾಡಿಟ್ಟಿರುತ್ತಾರಲ್ಲವೇ? ನಾವು ಹೋಗಬಹುದು, ನೋಡಬಹುದು, ಅಲ್ಲಿ ನೆಂಟರಿದ್ದರೆ ಉಂಡು ಬರಬಹುದು. ಅಷ್ಟೇ ತಾನೇ?

ಪ್ರಸಾದ ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿ ಸುಮಿತ್ರಳ ತಂಗಿ ವೀಣಾಳ ಗಂಡ. ಬಸವನಗುಡಿಯಲ್ಲಿ ಮನೆ. ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳಲು ನನಗೆ ಮನಸ್ಸು ಬರುತ್ತದೆಯೋ ಇಲ್ಲವೋ. ಅವನು ಊರುಗಳನ್ನು ಮಾಡುತ್ತಾನೆ. ಕೂರ್ಗ್ ಮಾಡಿ ಆಗಿದೆ, ಊಟಿಯನ್ನು ಮಾಡಿದ್ದನ್ನೇ ಮತ್ತೆ ಮಾಡಿದ್ದಾನೆ, ಪಾಂಡಿಚೇರಿಯನ್ನು ಹೋದ ವರ್ಷ ಮುಗಿಸಿದ. ಆ ಊರುಗಳು ಇವನ ಕೈಗೆ ಸಿಕ್ಕಿ ಏನಾದವೋ ನನಗೆ ಗೊತ್ತಿಲ್ಲ. ಇವನಂತೂ ಪ್ರತಿ ಸಲವೂ ಯುದ್ಧ ಗೆದ್ದವನ ಹಾಗೆ ಮರಳಿ ಬಂದು, ನಮ್ಮ ಮಲ್ಲೇಶ್ವರದ ಮನೆಯ ಸೋಫಾದಲ್ಲಿ ಕೂತು, ಫೋನಿನಲ್ಲಿ ಫೋಟೋ ತೋರಿಸುತ್ತಾನೆ. ಎಲ್ಲ ಫೋಟೋಗಳಲ್ಲೂ ಮುಂದೆ ಅವನಿರುತ್ತಾನೆ, ಊರು ಅವನ ಹಿಂದೆ ಎಲ್ಲೋ ಇರುತ್ತದೆ.

ಮಂಗಳೂರಿನ ಮಾತು ಬಂದದ್ದು ನಮ್ಮ ಅತ್ತೆಯವರಿಂದ. ಜಯಲಕ್ಷ್ಮಮ್ಮ ಎಂದು ಹೆಸರು. ಮದುವೆಯಾದಂದಿನಿಂದ ಚಾಮರಾಜಪೇಟೆಯಲ್ಲಿ ಬಾಳಿ, ಈಗ ಕೆಲವು ವರ್ಷಗಳಿಂದ ನಮ್ಮ ಜೊತೆಯಲ್ಲಿದ್ದಾರೆ. ಇತ್ತೀಚೆಗೆ ಅವರ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ಕಳಚುವ ದಿನ ಬಂದಮೇಲೆ ಅವರು ಮನೆಯಲ್ಲೆಲ್ಲ ಓಡಾಡಿ ಒಂದೊಂದನ್ನೂ ಹೊಸದಾಗಿ ನೋಡಿದರು. ದೇವರಮನೆಯ ಮೂಲೆಯ ಜೇಡರಬಲೆ ಅವರ ಕಣ್ಣಿಗೆ ಬಿತ್ತು. ನನ್ನ ಬನಿಯನ್ನಿನ ತೂತು ಬಿತ್ತು. ಆಮೇಲೆ ಬಾಲ್ಕನಿಗೆ ಬಂದು ನಿಂತರು. ನಮ್ಮ ಬಾಲ್ಕನಿ ಸಂಪಿಗೆ ರಸ್ತೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿದೆ. ಎದುರಿಗೆ ಹೊಸ ಅಪಾರ್ಟ್‌ಮೆಂಟು.

"ಕಣ್ಣೇನೋ ಚೆನ್ನಾಗಿ ಕಾಣ್ತಿದೆ," ಎಂದರು ಅತ್ತೆ. "ಡಾಕ್ಟ್ರು ದಿನಾ ಸ್ವಲ್ಪ ಹೊತ್ತು ದೂರ ನೋಡಿ ಅಂದಿದಾರೆ. ನೋಡೋಣ ಅಂದ್ರೆ ಇಲ್ಲಿ ದೂರವೇ ಇಲ್ವಲ್ಲ. ಚಾಮರಾಜಪೇಟೆಲೂ ಎದುರುಮನೆ, ಇಲ್ಲೂ ಎದುರುಮನೆ. ಸಮುದ್ರ ಆದ್ರೆ ಅಡ್ಡ ಏನೂ ಇರಲ್ವಂತೆ, ಅಲ್ವೇನ್ರೀ?"

ಆ ಪ್ರಶ್ನೆ ನನ್ನನ್ನು ಕೇಳಿದ್ದು. ನಾನು ಶೇಷಾದ್ರಿಪುರಂನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಸಮುದ್ರದ ಬಗ್ಗೆ ಯಾರೇನು ಕೇಳಿದರೂ ಅದು ನನ್ನ ಇಲಾಖೆಗೆ ಬರುತ್ತದೆ. ಅಡ್ಡ ಏನೂ ಇರುವುದಿಲ್ಲವೆಂದೂ, ಭೂಮಿಯ ವಕ್ರತೆಯೊಂದೇ ಅಡ್ಡವೆಂದೂ, ನಮ್ಮ ಪಶ್ಚಿಮ ಕರಾವಳಿಯಲ್ಲಿ ನಿಂತರೆ ಆಚೆ ಅರಬ್ಬರ ನಾಡೆಂದೂ ನಾನು ವಿವರಿಸಿದೆ. ಅತ್ತೆ ವಕ್ರತೆಯ ತನಕ ಕೇಳಿ ಅಡುಗೆಮನೆಗೆ ಹೋದರು. ಆದರೆ ಮಾತು ಉಳಿಯಿತು. ಅವರು ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ನಮ್ಮೆಲ್ಲರಿಗೂ ಆಗಲೇ ಹೊಳೆದದ್ದು.

ಬೆಂಗಳೂರಿನವರಿಗೆ ನೀರಿನ ವಿಷಯದಲ್ಲಿ ಮಾತಾಡುವ ಹಕ್ಕೇ ಇಲ್ಲ ಎಂಬುದು ನನ್ನ ಹಳೆಯ ಅಭಿಪ್ರಾಯ. ನಮ್ಮೂರಿನಲ್ಲಿ ಧರ್ಮಾಂಬುಧಿ ಎಂಬ ಕೆರೆಯಿತ್ತು. ಅಂಬುಧಿ ಎಂದರೆ ಸಮುದ್ರ. ಸಮುದ್ರವಿಲ್ಲದ ಊರಿನ ಹಿರಿಯರು ಕೆರೆಗಾದರೂ ಸಮುದ್ರದ ಹೆಸರಿಟ್ಟು ಸಮಾಧಾನಪಟ್ಟಿದ್ದರು. ನಾವು ಆ ಸಮುದ್ರವನ್ನೂ ಬಿಡದೆ ಬತ್ತಿಸಿ, ಅದರ ಮೇಲೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಕಟ್ಟಿದೆವು. ಈಗ ಸಮುದ್ರ ನೋಡಬೇಕಾದರೆ ಆ ಅಂಬುಧಿಯ ಒಡಲಲ್ಲಿ ನಿಂತು ಮಂಗಳೂರಿನ ಬಸ್ಸಿಗೆ ಕಾಯಬೇಕು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇರಲಿ. ಅತ್ತೆಯವರ ಆಸೆಯನ್ನು ಸುಮಿತ್ರ ತಂಗಿಗೆ ಹೇಳಿದಳು, ತಂಗಿ ಗಂಡನಿಗೆ ಹೇಳಿದಳು, ಅಲ್ಲಿಗೆ ಆ ಆಸೆ ಅತ್ತೆಯವರ ಕೈತಪ್ಪಿತು. ಪ್ರಸಾದ ಭಾನುವಾರವೇ ನಮ್ಮ ಮನೆಗೆ ಹಾಜರಾದ.

"ಒಂದು ವೀಕೆಂಡಲ್ಲಿ ಮಾಡ್ಬಿಡೋಣ ಭಾವ. ಧನುರ್ಮಾಸಕ್ಕೆ ಮುಂಚೆ. ನೀವ್ಯಾರೂ ತಲೆ ಕೆಡಿಸ್ಕೋಬೇಡಿ, ಎಲ್ಲ ನಾನು ನೋಡ್ಕೋತೀನಿ."

ತಲೆ ಕೆಡಿಸಿಕೊಳ್ಳಬೇಡಿ ಎಂದು ಯಾರಾದರೂ ಹೇಳಿದ ಕೂಡಲೇ ನನ್ನ ತಲೆ ಕೆಡಲು ಆರಂಭವಾಗುತ್ತದೆ. ಅವನು ಫೋನು ನೋಡಿಕೊಂಡು ಓದತೊಡಗಿದ. ಮಂಗಳೂರಿಗೆ ಹೋದವರು ತಿನ್ನಲೇಬೇಕಾದ ಐಸ್‌ಕ್ರೀಮು, ಸವಿಯಲೇಬೇಕಾದ ಗೋಳಿಬಜೆ, ಕೊಳ್ಳಲೇಬೇಕಾದ ಗೋಡಂಬಿ, ಸುತ್ತಲೇಬೇಕಾದ ಮಾಲು. ಈ 'ಲೇಬೇಕಾದ' ಎಂಬುದನ್ನು ನೀವು ಗಮನಿಸಿ. ಯಾರು ಸ್ವಾಮಿ ಇವರಿಗೆಲ್ಲ ಅಪ್ಪಣೆ ಕೊಡುವವರು? ಎಲ್ಲೋ ಕೂತ ಒಬ್ಬ ಅಪರಿಚಿತ ತಾನು ತಿಂದ ಐಸ್‌ಕ್ರೀಮನ್ನು ನಾನೂ ತಿನ್ನಲೇಬೇಕೆಂದು ಕಟ್ಟಳೆ ಮಾಡಿದರೆ ನಾನೇಕೆ ತಲೆ ಬಾಗಬೇಕು? ನಾನು ಇಷ್ಟನ್ನೂ ಕೇಳಿದೆ. ಪ್ರಸಾದ ನಕ್ಕು, "ಭಾವ ಯಾವಾಗ್ಲೂ ಹಿಂಗೇ," ಎಂದ. ಎಲ್ಲರೂ ನಕ್ಕರು. ಸಮುದ್ರ ಯಾವಾಗ ಎಂದು ಕೇಳಿದವರು ಅತ್ತೆ ಒಬ್ಬರೇ.

"ಅದು ಇದ್ದೇ ಇರುತ್ತಲ್ಲ ಅತ್ತೆ. ಎಲ್ಲಿಗೆ ಹೋಗುತ್ತೆ?" ಎಂದ ಪ್ರಸಾದ.

ಮೂರು ವಾರದ ಮೇಲೆ ಒಂದು ಶುಕ್ರವಾರ ಮುಂಜಾನೆ ಅವನ ಕಾರಿನಲ್ಲಿ ಹೊರಟೆವು. ನೆಲಮಂಗಲ ದಾಟುವಷ್ಟರಲ್ಲಿ ಹೆಂಗಸರು ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಅದೊಂದೇ ಈ ಪ್ರವಾಸದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ನಡೆದ ಕೆಲಸ. ಘಾಟಿ ಇಳಿದಂತೆ ಗಾಳಿ ಬೆಚ್ಚಗಾಯಿತು, ಬೆನ್ನು ಸೀಟಿಗೆ ಅಂಟಿತು. ಅತ್ತೆ ಕಿಟಕಿಯ ಪಕ್ಕ ಕೂತು ಪ್ರತಿಯೊಂದು ತಿರುವಿನಲ್ಲೂ ಕತ್ತು ಚಾಚುತ್ತಿದ್ದರು. ಈ ತಿರುವಿನಾಚೆ ಇರಬಹುದೇ ಎಂಬಂತೆ. ನೇತ್ರಾವತಿ ಕಂಡಾಗ, "ಇದೇನಾ?" ಎಂದರು. ಅಲ್ಲ ಅತ್ತೆ, ಇದು ನದಿ, ಇದು ಹೋಗಿ ಅದನ್ನು ಸೇರುತ್ತದೆ ಎಂದೆ. "ಹಾಗಾದ್ರೆ ಇದಕ್ಕೆ ದಾರಿ ಗೊತ್ತು," ಎಂದು ಅವರು ನದಿಯನ್ನೇ ನೋಡುತ್ತ ಕೂತರು. ಪ್ರಸಾದನ ಫೋನು ಅಷ್ಟರಲ್ಲಿ ನಮ್ಮನ್ನು ಬಲಕ್ಕೆ ತಿರುಗಿಸಿತು.

ಹೋಟೆಲಿನಲ್ಲಿ ಅವನು ಅತ್ತೆಗೆಂದೇ ಸಮುದ್ರ ಕಾಣುವ ಕೋಣೆ ಹಿಡಿದಿದ್ದ. ಹುಡುಕಿ ಹುಡುಕಿ ಹಿಡಿದದ್ದು ಎಂದು ದಾರಿಯುದ್ದಕ್ಕೂ ಹೇಳಿದ್ದ. ಪರದೆ ಸರಿಸಿ, ಜಾದೂಗಾರನ ಹಾಗೆ ಪಕ್ಕಕ್ಕೆ ನಿಂತು, "ನೋಡಿ ಅತ್ತೆ!" ಎಂದ. ಅತ್ತೆ ನೋಡಿದರು. ಹೊಸ ಕಣ್ಣುಗಳನ್ನು ಕಿರಿದು ಮಾಡಿ ನೋಡಿದರು. ಎದುರಿನ ಕಟ್ಟಡದ ತಾರಸಿಯ ಮೇಲೆ ಒಂದು ಕಪ್ಪು ನೀರಿನ ಟ್ಯಾಂಕು, ಅದರ ಪಕ್ಕ ಇನ್ನೊಂದು, ಅವೆರಡರ ನಡುವೆ ಒಂದು ತೆಂಗಿನ ಗರಿ, ಗರಿಯ ಸಂದಿನಲ್ಲಿ ಬೆರಳಗಲದ ಬೂದುಬಣ್ಣ.

"ಟ್ಯಾಂಕು ಕಾಣ್ತಿದೆ," ಎಂದರು.

"ಟ್ಯಾಂಕ್ ಅಲ್ಲ ಅತ್ತೆ, ಅದರ ಮಧ್ಯ ನೋಡಿ, ಮಧ್ಯ! ಅದೇ ಸಮುದ್ರ."

"ಓಹೋ," ಎಂದರು ಅತ್ತೆ. ಅಳಿಯನಿಗೆ ಬೇಸರವಾಗಬಾರದೆಂದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತರು. ನನಗೆ ರೇಗಿಹೋಯಿತು. ಆ ಬೂದುಬಣ್ಣ ಯಾರದೋ ಮನೆಯ ತಗಡಿನ ಶೀಟೂ ಆಗಿರಬಹುದಿತ್ತು. ಮಲ್ಲೇಶ್ವರದ ನಮ್ಮ ಬಾಲ್ಕನಿಯಲ್ಲಿ ನಿಂತರೂ ಟ್ಯಾಂಕು ಕಾಣುತ್ತದೆ, ಅದಕ್ಕೆ ಯಾರೂ ಹೆಚ್ಚಿನ ಬಾಡಿಗೆ ಕೇಳುವುದಿಲ್ಲ ಎಂದೆ. "ಶ್, ಸುಮ್ನಿರಿ," ಎಂದು ಸುಮಿತ್ರ ನನ್ನ ಅಂಗಿಯ ತೋಳು ಎಳೆದಳು.

ಆ ಸಂಜೆ ಐಸ್‌ಕ್ರೀಮು. ಗಾಜಿನ ಉದ್ದ ಲೋಟದಲ್ಲಿ ಹಣ್ಣು, ಜೆಲ್ಲಿ, ಮೂರು ಬಣ್ಣದ ಐಸ್‌ಕ್ರೀಮು ಪದರಪದರವಾಗಿ ಬರುತ್ತದೆ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದನ್ನು ತಿನ್ನಲು ನಮಗೆ ಅನುಮತಿ ಸಿಗಬೇಕಲ್ಲ! ಪ್ರಸಾದ ಅದರ ಫೋಟೋ ಮೇಲಿನಿಂದ ತೆಗೆದ, ಪಕ್ಕದಿಂದ ತೆಗೆದ, ವೀಣಾಳ ಕೈಯಲ್ಲಿ ಹಿಡಿಸಿ ತೆಗೆದ, ಅತ್ತೆಯ ಬಾಯ ಬಳಿ ಚಮಚ ನಿಲ್ಲಿಸಿ, "ಹಾಗೇ ಇರಿ, ಹಾಗೇ ಇರಿ," ಎಂದು ತೆಗೆದ. ಅತ್ತೆ ಬಾಯಿ ತೆರೆದು ಹಾಗೇ ಇದ್ದರು. ಚಮಚದಿಂದ ಐಸ್‌ಕ್ರೀಮು ಅವರ ಹೊಸ ಇಳಕಲ್ ಸೀರೆಯ ಮೇಲೆ ಸುರಿಯಿತು. ಹಿಂದೆ ನಮ್ಮಲ್ಲಿ ಉಣ್ಣುವ ಮುಂಚೆ ಎಲೆಯ ಸುತ್ತ ನೀರು ಕಟ್ಟಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಈಗ ಕಣ್ಣು ಮುಚ್ಚಿದರೆ ಫೋಟೋ ಕೆಡುತ್ತದೆ ಎಂದು ಬೈಯುತ್ತಾರೆ.

ಶನಿವಾರ ಬೆಳಗ್ಗೆ ನಾವು ಮಾಲಿಗೆ ಹೋದೆವು. ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ. ಮಲ್ಲೇಶ್ವರದಲ್ಲಿ ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ದೊಡ್ಡ ಮಾಲಿದೆ. ಅದರೊಳಗೆ ನಾನು ಕಾಲಿಡುವುದು ತೀರಾ ಮಳೆ ಬಂದಾಗ ಮಾತ್ರ. ಅದನ್ನು ಬಿಟ್ಟು, ಬಯಲುಸೀಮೆ ದಾಟಿ, ಸಹ್ಯಾದ್ರಿ ಇಳಿದು, ಕರಾವಳಿಗೆ ಬಂದು ನಾವು ಅದೇ ಅಂಗಡಿಗಳ, ಅದೇ ಬಟ್ಟೆಗಳ, ಅದೇ ತಣ್ಣನೆಯ ಗಾಳಿಯ ಇನ್ನೊಂದು ಮಾಲಿನೊಳಗೆ ಸುತ್ತಿದೆವು. "ಹೊರಗೆ ಬಿಸಿಲು ಭಾವ, ಒಳಗೆ ಎಸಿ," ಎಂದ ಪ್ರಸಾದ. ಎಸಿಗಾಗಿ ಬಂದವರು ಬೆಂಗಳೂರಿನಲ್ಲೇ ಇರಬಹುದಿತ್ತು, ದೇವರೇ ಅಲ್ಲಿ ಹಾಕಿಸಿದ್ದಾನೆ ಎಂದೆ. ಅತ್ತೆ ಚಲಿಸುವ ಮೆಟ್ಟಿಲಿನ ಮುಂದೆ ನಿಂತು, ಹತ್ತಲು ಹೆದರಿ, ಕೊನೆಗೆ ಒಂದು ಬೆಂಚಿನಲ್ಲಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಎದುರಿಗೆ ಚಪ್ಪಲಿಯಂಗಡಿ.

"ಇಲ್ಲಿಂದ ಅದು ಯಾವ ದಿಕ್ಕಿಗೆ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

ನಾನು ಪಶ್ಚಿಮಕ್ಕೆ ಕೈ ತೋರಿಸಿದೆ. ಆ ದಿಕ್ಕಿಗೆ ಬಟ್ಟೆಯಂಗಡಿಯ ಗೊಂಬೆಗಳಿದ್ದವು. ಅತ್ತೆ ಆ ಕಡೆಗೇ ಮುಖ ಮಾಡಿಕೊಂಡು ಕೂತರು.

ಕೊನೆಗೂ ಅಂದು ಸಂಜೆ ಸಮುದ್ರದ ಸರದಿ ಬಂತು. ಪ್ರಸಾದ ಆರಿಸಿದ್ದು ಎಲ್ಲರೂ ಹೋಗುವ ದೊಡ್ಡ ಬೀಚು. ಎಲ್ಲರೂ ಹೋಗಿದ್ದರು ಕೂಡ. ಕಾರು ನಿಲ್ಲಿಸುವ ಜಾಗ ಸಿಗುವಷ್ಟರಲ್ಲಿ ಸೂರ್ಯ ಇಳಿಯತೊಡಗಿದ್ದ. ನಾವು ಅವಸರವಸರವಾಗಿ ಮರಳಿನ ಮೇಲೆ ನಡೆದೆವು. ಆ ದಿನ ಅಲ್ಲೇನೋ ಉತ್ಸವ. ದೊಡ್ಡ ದೊಡ್ಡ ಸ್ಪೀಕರುಗಳಲ್ಲಿ ಎದೆ ನಡುಗುವ ಹಾಡು, ಗೋಬಿ ಮಂಚೂರಿಯ ಹೊಗೆ, ಗಾಳಿಪಟ, ಬಣ್ಣದ ದೀಪ ಹೊದ್ದ ಒಂದು ಒಂಟೆ. ಒಂಟೆಯನ್ನು ಕಂಡು ನಾನು ನಿಂತುಬಿಟ್ಟೆ. ಮರುಭೂಮಿಯ ಪ್ರಾಣಿಯನ್ನು ಸಮುದ್ರದ ದಡಕ್ಕೆ ತಂದು ನಿಲ್ಲಿಸಿದವರಿಗೆ ನನ್ನ ಭೂಗೋಳದ ಪರೀಕ್ಷೆಯಲ್ಲಿ ಪಾಸಾಗುವ ಆಸೆ ಖಂಡಿತ ಇರಲಾರದು. ಸಮುದ್ರ ಆಚೆಗೆ ಎಲ್ಲೋ ಇತ್ತು. ಅದರ ಸದ್ದು ಕೇಳುತ್ತಿರಲಿಲ್ಲ. ಸಾಲು ಸಾಲು ತಲೆಗಳ ಮೇಲೆ ಆಗಾಗ ಒಂದು ಬಿಳಿ ನೊರೆ ಎದ್ದು ಮರೆಯಾಗುತ್ತಿತ್ತು.

ಅತ್ತೆ ತುದಿಗಾಲಲ್ಲಿ ನಿಂತರು. ನಾನು ಮುಂದೆ ನುಗ್ಗಿ, "ಸ್ವಲ್ಪ ದಾರಿ ಬಿಡಿ, ವಯಸ್ಸಾದವರು," ಎಂದು ಕೂಗುತ್ತ ಅವರನ್ನು ಹೇಗೋ ನೀರಿನ ಹತ್ತಿರಕ್ಕೆ ಕರೆದೊಯ್ದೆ. ಅಲ್ಲಿ ಜನ ಸ್ವಲ್ಪ ವಿರಳವಾಗಿತ್ತು. ಅತ್ತೆ ತಲೆಯೆತ್ತಿದರು. ಸರಿಯಾಗಿ ಆಗಲೇ ಪ್ರಸಾದ ಓಡಿಬಂದು ಅವರ ಎರಡು ಭುಜ ಹಿಡಿದು ತಿರುಗಿಸಿಬಿಟ್ಟ.

"ಈ ಕಡೆ ಅತ್ತೆ, ಈ ಕಡೆ! ಸಮುದ್ರ ಹಿಂದೆ ಬರ್ಲಿ. ಸೂರ್ಯ ಹೋಗ್ಬಿಡ್ತಾನೆ, ಬೇಗ. ನಗಿ!"

ಅತ್ತೆ ಹಿಂತಿರುಗಿ ನೋಡಲು ಹೋದರು.

"ಅಯ್ಯೋ, ಅಲ್ಲಾಡ್ಬೇಡಿ ಅತ್ತೆ! ಇನ್ನೊಂದು, ಇನ್ನೊಂದು. ವೀಣಾ, ನೀನೂ ಬಾ."

ನನ್ನ ಕಣ್ಣೆದುರಿಗೇ ಇದು ನಡೆಯಿತು. ಬಾಳಿನಲ್ಲಿ ಮೊದಲ ಸಲ ಸಮುದ್ರದ ಮುಂದೆ ಬಂದು ನಿಂತ ಮುದುಕಿಯನ್ನು ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿದರು. ಅವರು ನಕ್ಕರು, ನಗಿ ಎಂದಿದ್ದರಿಂದ. ಅವರ ಬೆನ್ನ ಹಿಂದೆ ಸೂರ್ಯ ಮುಳುಗಿದ. ಮುಳುಗಿದ ಮೇಲೆ ಪ್ರಸಾದ ಫೋನನ್ನು ಅವರ ಮುಖಕ್ಕೆ ಹಿಡಿದು, "ನೋಡಿ ಅತ್ತೆ, ಸನ್‌ಸೆಟ್ ಎಷ್ಟು ಚೆನ್ನಾಗಿ ಬಂದಿದೆ!" ಎಂದ. ಅತ್ತೆ ಫೋನಿನಲ್ಲಿ ಸೂರ್ಯಾಸ್ತ ನೋಡಿದರು. ಕತ್ತಲಾಯಿತೆಂದು ಕಾವಲಿನವನು ಸೀಟಿ ಊದಿ ಎಲ್ಲರನ್ನೂ ದಡದಿಂದ ಹಿಂದಕ್ಕೆ ಕಳಿಸಿದ. ಊಟಕ್ಕೆ ಟೇಬಲ್ ಕಾದಿರಿಸಿದೆ ಎಂದು ಪ್ರಸಾದ ನಮ್ಮನ್ನು ಕಾರಿಗೆ ಹತ್ತಿಸಿದ.

ಊಟದ ಟೇಬಲ್ಲಿನಲ್ಲಿ ನಾನು ಸಿಡಿದೆ. ಎರಡು ದಿನದಿಂದ ನುಂಗಿದ್ದೆಲ್ಲ ಒಟ್ಟಿಗೇ ಬಂತು. ನೀರುದೋಸೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ಪ್ರಸಾದ್, ನಿನಗೆ ನಾಚಿಕೆ ಆಗ್ಬೇಕು," ಎಂದೆ. "ಅವರು ಕೇಳಿದ್ದು ಒಂದೇ ಒಂದು. ದೂರ ನೋಡ್ಬೇಕು ಅಂದ್ರು. ನೀನು ಟ್ಯಾಂಕ್ ತೋರಿಸ್ದೆ, ಚಪ್ಪಲಿ ಅಂಗಡಿ ತೋರಿಸ್ದೆ, ಒಂಟೆ ತೋರಿಸ್ದೆ. ಸಮುದ್ರ ಬಂದಾಗ ಫೋನ್ ತೋರಿಸ್ದೆ!"

ಪ್ರಸಾದನ ಮುಖ ಕೆಂಪಾಯಿತು. "ಮೂರು ವಾರದಿಂದ ಕೂತು ಪ್ಲಾನ್ ಮಾಡಿದ್ದು ನಾನು ಭಾವ. ಕಾರ್ ಓಡಿಸಿದ್ದು ನಾನು. ನೀವೇನು ಮಾಡಿದ್ರಿ? ಹಿಂದಿನ ಸೀಟಲ್ಲಿ ಕೂತ್ಕೊಂಡು ಕೋಪ ಮಾಡ್ಕೊಂಡ್ರಿ. ಅದೊಂದೇ ನೀವು ಮಾಡಿದ್ದು."

"ನಾನು ಮಾಡಿದ್ದಲ್ಲಪ್ಪ, ನೀನು ಬರಿಸಿದ್ದು!"

ಪಕ್ಕದ ಟೇಬಲ್ಲಿನವರು ತಿನ್ನುವುದನ್ನು ನಿಲ್ಲಿಸಿದರು. ಬಡಿಸುವವನು ಜಗ್ಗು ಹಿಡಿದು ಬಂದು, ನಮ್ಮಿಬ್ಬರ ನಡುವೆ ನಿಂತು, "ನೀರು ಎಂತದ್ದು ಬೇಕು ಸಾರ್? ಬಿಸಿಯದ್ದಾ, ತಣ್ಣಗಿನದ್ದಾ?" ಎಂದು ಬಹಳ ಗಂಭೀರವಾಗಿ ಕೇಳಿದ. ನಾವಿಬ್ಬರೂ ಒಟ್ಟಿಗೆ "ತಣ್ಣಗಿಂದು" ಎಂದೆವು. ವೀಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತುಬಿಟ್ಟಳೇ ಎಂದು ನೋಡಿದರೆ ನಗುತ್ತಿದ್ದಳು.

ಅತ್ತೆ ತಮ್ಮ ದೋಸೆಯನ್ನು ಮಡಿಸಿ ಚಟ್ನಿಯಲ್ಲಿ ಅದ್ದುತ್ತ ಹೇಳಿದರು: "ಇಬ್ಬರೂ ಊಟ ಮಾಡಿ. ನನ್ನ ಪರವಾಗಿ ಯಾರೂ ಕೂಗಾಡೋದು ಬೇಡ. ನನಗೆ ಬೇಕಾದ್ದು ನಾನು ಕೇಳ್ಕೋತೀನಿ. ಬಾಯಿದೆ ನನಗೆ."

ನನಗೆ ಚುಚ್ಚಿತು. ವಾದಿಸಲು ಬಂದ ವಕೀಲನಿಗೆ ಕಕ್ಷಿದಾರರೇ ಹೊರಗೆ ನಡಿ ಎಂದರೆ ಹೇಗಿರುತ್ತದೆ? ರಾತ್ರಿಯೆಲ್ಲ ಮುನಿಸಿಕೊಂಡು ಮಲಗಿದೆ. ಆದರೆ ಬೆಳಗ್ಗೆ ಅತ್ತೆ ಆ ಮಾತನ್ನು ನಡೆಸಿಬಿಟ್ಟರು. ಪ್ರಸಾದ ಬನ್ಸು ತಿನ್ನುತ್ತ ಆ ದಿನದ ಕಾರ್ಯಕ್ರಮ ಹೇಳುತ್ತಿದ್ದ. ಗೋಡಂಬಿ ಅಂಗಡಿ, ಮ್ಯೂಸಿಯಮ್ಮು, ಆಮೇಲೆ ಹೊಳೆಯಲ್ಲಿ ದೋಣಿ. ಅತ್ತೆ ಕಾಫಿ ಲೋಟ ಕೆಳಗಿಟ್ಟರು.

"ನೀವೆಲ್ಲ ಹೋಗಿ ಬನ್ನಿ. ನಾನು ಸಮುದ್ರಕ್ಕೆ ಹೋಗ್ತೀನಿ."

"ನಿನ್ನೆ ನೋಡಿದ್ವಲ್ಲ ಅತ್ತೆ!" ಎಂದ ಪ್ರಸಾದ.

"ನಿನ್ನೆ ಅದು ನನ್ನ ನೋಡ್ತು. ಇವತ್ತು ನಾನು ಅದನ್ನ ನೋಡ್ತೀನಿ. ಇವರನ್ನ ಜೊತೆಗೆ ಕರ್ಕೊಂಡು ಹೋಗ್ತೀನಿ," ಎಂದು ನನ್ನ ಕಡೆ ನೋಡಿದರು. "ಇವರು ನಿಮ್ಮ ಜೊತೆ ಬಂದ್ರೆ ಹೇಗಿದ್ರೂ ಕೋಪ ಮಾಡ್ಕೋತಾರೆ."

ಹೋಟೆಲಿನ ಹೊರಗೆ ಆಟೋ ನಿಂತಿತ್ತು. ಚಾಲಕ ನಡುವಯಸ್ಸಿನವನು. ಬೀಚಿಗೆ ಎಂದೆ. ಯಾವ ಬೀಚು ಎಂದು ಕೇಳಿದ. ಒಂಟೆ, ಹಾಡು, ಮಂಚೂರಿ ಯಾವುದೂ ಇಲ್ಲದ್ದು, ಅಲ್ಲಿ ಮಾಡಲಿಕ್ಕೆ ಏನೂ ಇರಬಾರದು ಎಂದೆ. ಅವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ.

"ಅಂಥದ್ದು ಬೇಕಾದಷ್ಟು ಉಂಟು ಮಾರಾಯ್ರೆ. ಕೇಳುವವರು ಇಲ್ಲ, ಅಷ್ಟೇ," ಎಂದು ಗಾಡಿ ತಿರುಗಿಸಿದ.

ತೆಂಗಿನ ತೋಟಗಳ ನಡುವಿನ ಕಿರುದಾರಿಯ ಕೊನೆಯಲ್ಲಿ ಇಳಿದೆವು. ಮೀನುಬಲೆ ಒಣಹಾಕಿದ್ದ ಒಂದೆರಡು ಮನೆ ದಾಟಿದೆವು. ಒಂದು ಸಣ್ಣ ಮರಳ ದಿಬ್ಬ. ಅದನ್ನು ಮೊದಲು ಹತ್ತಿದವರು ಅತ್ತೆ. ಹತ್ತಿದವರು ಅಲ್ಲೇ ನಿಂತರು. ನಾನು ಏದುಸಿರು ಬಿಡುತ್ತ ಹಿಂದಿನಿಂದ ಹೋಗಿ ಪಕ್ಕದಲ್ಲಿ ನಿಂತೆ.

ಅಡ್ಡ ಏನೂ ಇರಲಿಲ್ಲ.

ಬೆಳಗಿನ ಬಿಸಿಲು ನಮ್ಮ ಬೆನ್ನ ಮೇಲಿತ್ತು. ಎಡಕ್ಕೂ ಬಲಕ್ಕೂ ಕಣ್ಣು ಹೋದಷ್ಟು ನೀರು, ದೂರದಲ್ಲಿ ಒಂದೇ ಗೆರೆ, ಗೆರೆಯ ಮೇಲೆ ಒಂದು ಹಡಗು. ಅತ್ತೆ ಆ ಗೆರೆಯನ್ನೇ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಯಾರಾದರೂ ಏನಾದರೂ ಹೇಳಬೇಕು ಎಂದು ನನಗನ್ನಿಸಿತು. ಹೇಳಿದೆ. ಈ ಅಲೆಗಳು ಗಾಳಿಯಿಂದ ಏಳುತ್ತವೆ ಎಂದೆ. ಉಬ್ಬರವಿಳಿತಕ್ಕೆ ಮಾತ್ರ ಚಂದ್ರನೇ ಮುಖ್ಯ ಕಾರಣ ಎಂದೆ. ಕಡಲು ಎಂಬುದು ಅಚ್ಚಕನ್ನಡವೆಂದೂ ಸಮುದ್ರ ಸಂಸ್ಕೃತದ್ದೆಂದೂ, ಇಲ್ಲಿಯವರು ತುಳುವಿನಲ್ಲಿಯೂ ಕಡಲ್ ಎನ್ನುತ್ತಾರೆಂದೂ ಹೇಳಿ, ನೈರುತ್ಯ ಮಾರುತಗಳನ್ನು ಆರಂಭಿಸಿದ್ದೆ.

"ಸ್ವಲ್ಪ ಸುಮ್ನಿರ್ತೀರಾ?" ಎಂದರು ಅತ್ತೆ.

ದನಿಯಲ್ಲಿ ಸಿಟ್ಟಿರಲಿಲ್ಲ. ಸೊಳ್ಳೆಯನ್ನು ಕೈಯಿಂದ ಅತ್ತ ಸರಿಸುವಾಗ ಇರುವಷ್ಟು ಮೃದುತ್ವವಿತ್ತು. ನಾನು ಮಾರುತಗಳನ್ನು ಅಲ್ಲಿಗೇ ಬಿಟ್ಟೆ. ಟ್ಯಾಂಕಿನ ಹಾಗೆ, ಒಂಟೆಯ ಹಾಗೆ ನಾನೂ ಒಂದು ಅಡ್ಡವೇ ಆಗಿದ್ದೆ ಎಂಬುದನ್ನು ಒಪ್ಪಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಸಮಯ ಬೇಕಾದಷ್ಟಿತ್ತು.

ಆಮೇಲೆ ಅವರು ತಾವಾಗಿಯೇ ಇಳಿದು, ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿನ ಅಂಚಿಗೆ ಹೋದರು. ಒಂದು ಅಲೆ ಬಂದು ಪಾದ ಮುಳುಗಿಸಿ ಹಿಂದಕ್ಕೆ ಸರಿಯಿತು. ಅಡಿಯ ಮರಳನ್ನು ಎಳೆದುಕೊಂಡೇ ಹೋಯಿತು. "ಅಯ್ಯಯ್ಯೋ, ನೆಲ ಹೋಗ್ತಿದೆಯಲ್ರೀ!" ಎಂದು ಕೂಗಿ ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಮನೆಯ ಅಳಿಯನಾಗಿಯೇ ನನ್ನ ತಲೆ ನರೆತಿದೆ. ನನಗೆ ಅವರು ಎಷ್ಟು ಸಲ ಬಡಿಸಿದ್ದಾರೋ ಲೆಕ್ಕವಿಲ್ಲ. ಕೈ ಹಿಡಿದದ್ದು ಅದೇ ಮೊದಲು. ಅವರು ನಗುತ್ತಿದ್ದರು, ಯಾರೂ ನಗಿ ಎನ್ನದೆಯೇ. ಬಗ್ಗಿ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

"ನಿಜವಾಗ್ಲೂ ಉಪ್ಪು ಕಣ್ರೀ!"

ಸಮುದ್ರದ ನೀರು ಉಪ್ಪು ಎಂದು ನಾನು ಸಾವಿರಾರು ಮಕ್ಕಳಿಗೆ ಬರೆಸಿದ್ದೇನೆ. ಅದರಲ್ಲಿ 'ನಿಜವಾಗ್ಲೂ' ಎಂಬ ಮಾತನ್ನು ಸೇರಿಸಬಹುದೆಂದು ನನಗೆ ಎಂದೂ ತೋಚಿರಲಿಲ್ಲ. ನಾನೂ ಬಗ್ಗಿ ಒಂದು ಬೆರಳು ಮುಟ್ಟಿಸಿ ನೋಡಿದೆ.

ದಡದಲ್ಲಿ ಕವುಚಿಟ್ಟ ಒಂದು ದೋಣಿಯ ನೆರಳಿನಲ್ಲಿ ಇಬ್ಬರೂ ಕೂತೆವು. ಬಿಸಿಲು ಏರಿತು. ನನ್ನ ಜೇಬಿನಲ್ಲಿ ಫೋನು ಆಗಾಗ ಅದುರುತ್ತಿತ್ತು. ಕೊನೆಗೆ ಎತ್ತಿ ದಾರಿ ಹೇಳಿದೆ. ಸ್ವಲ್ಪ ಹೊತ್ತಿಗೆಲ್ಲ ದಿಬ್ಬದ ಮೇಲೆ ಮೂರು ತಲೆ ಕಾಣಿಸಿದವು. ಪ್ರಸಾದ ಬೂಟಿನಲ್ಲಿ ಮರಳು ತುಂಬಿಕೊಂಡು ಕಾಲೆಳೆಯುತ್ತ ಬಂದ. ಭಾನುವಾರವಾದ್ದರಿಂದ ಗೋಡಂಬಿಯ ಅಂಗಡಿ ಮುಚ್ಚಿತ್ತಂತೆ. ದೋಣಿಯೂ ಸಿಗಲಿಲ್ಲವಂತೆ. ಮುಖ ಇಷ್ಟಗಲ ಊದಿತ್ತು. ಸಹಜವಾಗಿಯೇ ನನಗೆ ಸಂತೋಷವಾಯಿತು.

"ಇಲ್ಲಿ ಏನಿದೆ ಅತ್ತೆ?" ಎಂದು ಸುತ್ತಲೂ ನೋಡಿದ. ನಿಜಕ್ಕೂ ಏನೂ ಇರಲಿಲ್ಲ. ಒಂದು ನಾಯಿ ಮಲಗಿತ್ತು. "ಇಲ್ಲೀಗ ಏನ್ ಮಾಡೋದು?"

"ಮಾಡೋದೆಲ್ಲ ಅದೇ ಮಾಡ್ತಾ ಇದೆಯಲ್ಲ," ಎಂದು ಅತ್ತೆ ಸಮುದ್ರದ ಕಡೆ ಗಲ್ಲ ಎತ್ತಿ ತೋರಿಸಿದರು. "ನೀವು ಕೂತ್ಕೊಳ್ಳಿ."

ಪ್ರಸಾದ ನಿಂತೇ ಇದ್ದ. ಒಮ್ಮೆ ಫೋನು ತೆಗೆದು ಎತ್ತಿಹಿಡಿದ, ಏಕೋ ಮತ್ತೆ ಜೇಬಿಗೆ ಹಾಕಿಕೊಂಡ. ಆಮೇಲೆ ಬೂಟು ಬಿಚ್ಚಿ, ಮರಳು ಸುರಿದು, ನನ್ನಿಂದ ಸಾಕಷ್ಟು ದೂರದಲ್ಲಿ ಕೂತ. ಅಕ್ಕತಂಗಿಯರು ತಾಯಿಯ ಆಚೀಚೆ ಕೂತರು. ಯಾರೂ ಮಾತಾಡಲಿಲ್ಲ. ನಮ್ಮ ಮನೆತನದ ಮಟ್ಟಿಗೆ ಇದೊಂದು ವಿಸ್ಮಯ. ಎಷ್ಟೋ ಹೊತ್ತಾದ ಮೇಲೆ ಪ್ರಸಾದ ನನ್ನ ಕಡೆ ತಿರುಗದೆಯೇ ಕೇಳಿದ:

"ಭಾವ, ಆ ಹಡಗು ಹೋಗ್ತಿದೆಯೋ, ನಿಂತಿದೆಯೋ?"

"ನಿಂತಿದೆ," ಎಂದೆ.

"ಇಲ್ಲ ಭಾವ. ಆಗ ಈ ದೋಣಿಯ ಮೂತಿಯ ನೇರಕ್ಕಿತ್ತು. ನೋಡಿ ಈಗ."

"ನೀನು ಜರುಗಿ ಕೂತಿದೀಯ, ಹಡಗು ಅಲ್ಲ."

ಅವನು ಎದ್ದು ಬಂದು ನನ್ನ ಪಕ್ಕದಲ್ಲೇ ಕೂತು, ನನ್ನ ಭುಜದ ನೇರಕ್ಕೆ ಕಣ್ಣಿಟ್ಟು ಹಡಗನ್ನು ಅಳೆದ. ನಾನು ಒಂದು ಕಡ್ಡಿಯನ್ನು ಮರಳಿನಲ್ಲಿ ನೆಟ್ಟೆ. ಅವನು ಇನ್ನೊಂದು ನೆಟ್ಟ. ಆ ಹಡಗಿನ ವಿಚಾರವಾಗಿ ನಾವು ಹೊರಡುವ ತನಕ ಚರ್ಚೆ ಮಾಡಿದೆವು, ಇತ್ಯರ್ಥವಾಗಲಿಲ್ಲ. ಅಂಥ ಒಳ್ಳೆಯ ಜಗಳವನ್ನು ನಾವಿಬ್ಬರೂ ಈ ಹಿಂದೆ ಆಡಿರಲಿಲ್ಲ.

ಬೆಂಗಳೂರಿಗೆ ಬಂದ ಮರುದಿನ ಪಕ್ಕದ ಮನೆಯ ಸರೋಜಮ್ಮ ಸುದ್ದಿ ಕೇಳಲು ಬಂದರು. ಆ ಐಸ್‌ಕ್ರೀಮು ತಿಂದಿರಾ, ಈ ದೇವಸ್ಥಾನ ನೋಡಿದಿರಾ, ಆ ಸೀರೆಯಂಗಡಿಗೆ ಹೋದಿರಾ ಎಂದು ಒಂದೇ ಸಮನೆ ಕೇಳಿ, "ಅಯ್ಯೋ, ಅಲ್ಲಿಗೆ ಹೋಗ್ಲಿಲ್ವಾ? ಹಾಗಾದ್ರೆ ಮಂಗಳೂರು ಮಾಡ್ದಂಗೇ ಅಲ್ಲ ಬಿಡಿ," ಎಂದು ತೀರ್ಪು ಕೊಟ್ಟರು. ಪೇಪರು ಓದುತ್ತಿದ್ದ ನನಗೆ ಮತ್ತೆ ರಕ್ತ ಕುದಿಯತೊಡಗಿತು. ಬಾಯಿ ತೆರೆಯುವಷ್ಟರಲ್ಲಿ ಅವರೇ ಅತ್ತೆಯ ಕಡೆ ತಿರುಗಿ, "ಹೋಗ್ಲಿ, ಸಮುದ್ರ ಹೇಗಿತ್ತು ಜಯಮ್ಮನೋರೇ? ಭಾರಿ ಅಬ್ಬರ ಅಂತಾರಲ್ಲ?" ಎಂದರು.

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತ ಸ್ವಲ್ಪ ಯೋಚಿಸಿದರು.

"ಇಲ್ಲ ಕಣ್ರೀ," ಎಂದರು. "ಸಮುದ್ರ ಪಾಪ ಅದರ ಪಾಡಿಗೆ ಅದಿತ್ತು. ಅಳಿಯಂದಿರಿಬ್ಬರೇ ಉಕ್ತಾ ಇದ್ರು."

ಇಬ್ಬರು ಎಂಬ ಮಾತಿಗೆ ನನ್ನ ತೀವ್ರ ಆಕ್ಷೇಪಣೆಯಿದೆ ಎಂದು ಹೇಳಲು ನಾನು ಪೇಪರು ಬಿಸಾಡಿ ಎದ್ದು ನಿಂತೆ. ನಾನು ಎದ್ದ ರಭಸ ನೋಡಿ ಇಬ್ಬರು ಹೆಂಗಸರೂ ನಕ್ಕರು. ಕೂತುಬಿಟ್ಟೆ.